ಆರೆಂಜ್ ಅಲರ್ಟಿನ ಮಧ್ಯಾಹ್ನ

ಬೆಳಿಗ್ಗೆ ಮಂಜು. ಗಾಡಿಯ ಗಾಜು ಒರೆಸಿ ಒರೆಸಿ
ಸೆರಗಿನ ತುದಿ ಒದ್ದೆ.
ಹತ್ತಕ್ಕೆಲ್ಲ ಬಿಸಿಲು ಕಾವಲಿ ಇಟ್ಟಾಗಿತ್ತು.
ಯುಗಾದಿ ಮೊನ್ನೆ; ಬಾಗಿಲ ತೋರಣ ಪೂರ್ತಿ ಒಣಗಿಲ್ಲ,
ರೇವತಿ ಮಳೆಯ ಹೊತ್ತು,
ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ನಿಂಬೆಯ ಗಾತ್ರ.

ಎರಡೂವರೆಗೆ ಪಿಡಿಒ ಮೇಡಂ ಫೋನು:
‘ಮುನಿಲಕ್ಷ್ಮೀ, ಆರೆಂಜ್ ಅಲರ್ಟ್ ಬಂದಿದೆ.
ಮೈಕು ಇರೋದು ನಿನ್ನ ಗಾಡಿಗೊಂದೇ,
ಒಂದು ಸುತ್ತು ಕೂಗಿಬಿಡು.’

ನನ್ನ ಗಾಡಿ ಗೊತ್ತಲ್ಲ,
ದಿನಾ ಏಳಕ್ಕೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿ.
ಹಸಿರು ಡಬ್ಬಿಗೆ ಹಸಿ, ನೀಲಿ ಡಬ್ಬಿಗೆ ಒಣ,
ಮೂಗಿಗೆ ಸೆರಗು,
ತೋಳುದ್ದ ದೂರದಿಂದ ಚಾಚಿದ ಬಕೆಟ್ಟು.

ಚೀಟಿ ನೋಡಿ ಓದಿದೆ:
ಗುಡುಗು, ಸಿಡಿಲು, ಬಿರುಗಾಳಿ, ಆಲಿಕಲ್ಲು ಸಂಭವ.
ಸಾರ್ವಜನಿಕರು ಮರಗಳ ಕೆಳಗೆ ಆಶ್ರಯ ಪಡೆಯಬಾರದು.
ನನ್ನ ದನಿ ಕೇಳಿದ್ದೇ ಒಂದು ಹುಡುಗಿ
ಕಸದ ಬುಟ್ಟಿ ಹಿಡಿದು ಓಡಿಬಂತು.
ಕಟ್ಟೆಯ ಮೇಲೆ ಆವುಲಪ್ಪ ಕವಡೆ ಕುಲುಕುತ್ತ:
‘ಆರೆಂಜಾ? ನಾವು ಮಾವು ಬೆಳಿತೀವಮ್ಮ, ಟೊಮೆಟೊ ಬೆಳಿತೀವಿ,
ಆ ಹಣ್ಣು ಇಲ್ಲಿ ಯಾರೂ ಇಟ್ಟಿಲ್ಲ.’
ಎಲ್ಲ ನಕ್ಕರು. ನಾನೂ ನಕ್ಕೆ;
ತಲೆಯ ಮೇಲೆ ಆಕಾಶ ತೊಳೆದಿಟ್ಟ ತಟ್ಟೆ.

ಆಮೇಲೆ ಚೀಟಿ ಮಡಚಿಟ್ಟೆ.
ಮೈಕಿನಲ್ಲೇ ಕೇಳಿದೆ:
ಹೋದ ವರ್ಷ, ಇದೇ ಹೊತ್ತು, ಕೆರೆ ಏರಿಯ ಹುಣಸೆಮರ,
ಏಳು ಕುರಿ, ಕುರಿಗಳ ಮಧ್ಯೆ ಪಿಳ್ಳಪ್ಪ.
ಆವತ್ತೂ ನೆತ್ತಿ ಮೇಲೆ ಹೀಗೇ ನೀಲಿ ಇತ್ತಲ್ಲವಾ?

ಕವಡೆಯ ಸದ್ದು ನಿಂತಿತು.

ಊರಾಚೆ ಟೊಮೆಟೊ ಹೊಲದಲ್ಲಿ ಮೂವರು,
ಬಳ್ಳಿ ಎತ್ತಿ ಕಂಬಿಗೆ ಕಟ್ಟುತ್ತಿದ್ದರು.
ಬಡಗಣಕ್ಕೆ ಮೋಡ ಗೋಡೆಯಂತೆ ಎದ್ದಿದೆ,
ಗಾಳಿಗೆ ಇದ್ದಕ್ಕಿದ್ದಂತೆ ಬಾವಿಯೊಳಗಿನ ತಣ್ಣಗೆ.
‘ಕಂಬಿ ಬಿಡ್ರೇ! ಹೊಲದುದ್ದಕ್ಕೂ ಒಂದೇ ತಂತಿ ಅದು, ಬಿಡ್ರೇ!’
ಬಿಟ್ಟರು. ಬಿಟ್ಟು ಓಡಿದ್ದು,
ಕಾಲಿಗೆ ರೂಢಿ ನೋಡಿ, ಹುಣಸೆಮರಕ್ಕೆ.

ಹಾರನ್ ಒತ್ತಿದ ಕೈ ತೆಗೆಯಲಿಲ್ಲ.

ಇಬ್ಬರಿಗೂ ಇಕ್ಕಟ್ಟಾದ ಕ್ಯಾಬಿನ್ನಿನಲ್ಲಿ ನಾಲ್ವರು:
ನಾರೆಮ್ಮ, ಅವಳ ಸೊಸೆ ಸುಗುಣ,
ತೊಡೆಯ ಮೇಲೆ ತೊಡೆಯಾಗಿ ಹೊಲದ ಯಜಮಾನಿ ಭಾಗ್ಯಲತಾ,
ಆ ತೋಳುದ್ದದ ಬಕೆಟ್ಟಿನವರು.
ಗಾಜು ಏರಿಸಿ. ಕಬ್ಬಿಣ ಮುಟ್ಟಬೇಡಿ. ಕೈ ಮಡಿಲಲ್ಲಿ.
ಮಿಂಚಿತು. ಎಣಿಸಿದೆವು: ಎಂಟಕ್ಕೆ ಗುಡುಗು.
ಮತ್ತೆ ಎಣಿಸಿದೆವು: ಐದು.
ಎರಡು.
ಆಮೇಲೆ ಎಣಿಸಲು ಏನೂ ಉಳಿಯಲಿಲ್ಲ.
ಕಲ್ಲು ಬಿತ್ತು. ತಗಡಿನ ಮೇಲೆ ಊರಿನ ಅಷ್ಟೂ ಪಾತ್ರೆ
ಯಾರೋ ಒಟ್ಟಿಗೆ ಸುರಿದ ಹಾಗೆ.
ಹಿಂದಿನ ಡಬ್ಬಿಗಳಲ್ಲಿ ಬೆಳಗಿನ ಕಸ ನೆನೆದು ನಾರುತ್ತಿತ್ತು,
ಮೂಗು ಮುಚ್ಚಲು ಯಾರಿಗೂ ಕೈ ಇರಲಿಲ್ಲ:
ಭಾಗ್ಯಲತಾ ಎರಡೂ ಕೈಯಲ್ಲಿ ನನ್ನ ಮೊಣಕೈ ಹಿಡಿದಿದ್ದರು.

ಮಳೆ ನಿಂತಿತು. ಹೊಲ ಬೆಳ್ಳಗೆ.
‘ಅಯ್ಯೋ ನನ್ನ ಗಿಡ’ ಎಂದು ಇಳಿಯಹೋದರು.
ಕೊನೆಯ ಗುಡುಗಾಗಿ ಅರ್ಧ ಗಂಟೆ, ಎಂದೆ.
ಚೀಟಿಯಲ್ಲಿತ್ತು, ಅದನ್ನು ಮಾತ್ರ ಮರೆತಿರಲಿಲ್ಲ.
ಕೂತೆವು. ನಾರೆಮ್ಮ ಎಲೆಯಡಿಕೆ ಚೀಲ ಬಿಚ್ಚಿದಳು.
ಗಿಡದ ಮಾತು ಯಾರೂ ಆಡಲಿಲ್ಲ.
ಹುಣಸೆಮರಕ್ಕೆ ಏನೂ ಆಗಿರಲಿಲ್ಲ.
ಆಗಬಹುದಿತ್ತು, ಅಷ್ಟೆ.

ಮರುದಿನ ಏಳಕ್ಕೆ ಅದೇ ಹಾಡು.
ಬುಟ್ಟಿ ಬುಟ್ಟಿ ಮಿಡಿಗಾಯಿ, ಸೀಳಿದ್ದು, ಜಜ್ಜಿದ್ದು;
ಉಪ್ಪಿನಕಾಯಿಗೂ ಆಗದ್ದು ಹಸಿರು ಡಬ್ಬಿಗೆ.
ಒಡೆದ ಹೆಂಚು ಹಸಿಯೋ ಒಣವೋ ಎಂದು ಜಗಳ.
ಭಾಗ್ಯಲತಾ ಮನೆಯ ಮುಂದೆ ಬಕೆಟ್ಟು ಹತ್ತಿರ ಬಂತು,
ತೋಳುದ್ದ ಅಲ್ಲ, ಮೊಳದುದ್ದ.
ಸೆರಗು ಮೂಗಿನ ಮೇಲೇ ಇತ್ತು, ಇರಲಿ.

ಕಟ್ಟೆಯಿಂದ ಆವುಲಪ್ಪ ಕೂಗಿದ:
‘ಮುನಿಲಕ್ಷ್ಮೀ, ಇವತ್ತು ಯಾವ ಬಣ್ಣ?’
ಫೋನು ನೋಡಿದೆ. ಹಳದಿ.
ಮೇಲೆ ನೋಡಿದೆ. ಬರೀ ನೀಲಿ.
‘ಹಳದಿ,’ ಎಂದೆ, ಮೈಕಿನಲ್ಲೇ.